ಬೆಲ್ಲ, ನೀರು

ಲೆಂಟಿನ ನಾಲ್ಕನೆಯ ಭಾನುವಾರ, ಪಾಠ ಓದುವ ಸರದಿ ನನ್ನದು.
ಜೆಪ್ಪುವಿನ ದೇವಾಲಯ, ತಲೆಯ ಮೇಲೆ ಕೆಂಪು ಹಂಚು;
ಅವುಗಳಲ್ಲಿ ಎಷ್ಟೋ
ಅಪ್ಪ ಕಾವಲು ಕೂತ ರಾತ್ರಿಗಳಲ್ಲಿ ಬೆಂದವು.
ಕನ್ನಡಕ ಏರಿಸಿ ಕಾವಲುಗಾರನ ಭಾಗಕ್ಕೆ ಬಂದೆ:
ಕತ್ತಿ ಬರುವುದನ್ನು ಕಂಡೂ ಕೊಂಬು ಊದದವನು,
ಅವನ ಕೈಗೆ ಅಂಟುವ ರಕ್ತ.

ಮುಂದಿನ ಬೆಂಚಿನ ಸೋಫಿಯಕ್ಕ ತಲೆ ತಗ್ಗಿಸಿದರು,
ನನಗಾಗಿ.

ಎಲ್ಲರಿಗೂ ಗೊತ್ತು ಥಿಯೋಫಿಲಸ್ ಸಾಲಿನ್ಸನ ಕಥೆ.
ಹೊಯಿಗೆ ಬಜಾರಿನ ಹಂಚಿನ ಕಾರ್ಖಾನೆ,
ಭಟ್ಟಿಯ ಗೋಡೆಯಲ್ಲಿ ಬಿರುಕು.
ಕಂಡಿದ್ದ, ಲಾಟೀನು ಹಿಡಿದು ಬೆರಳಿಟ್ಟು ನೋಡಿದ್ದ.
"ಈ ಭಟ್ಟಿ ಒಂದು ಮುಗಿಯಲಿ" ಎಂದ ಮೇಸ್ತ್ರಿಗೆ
"ಆಯ್ತು" ಎಂದಿದ್ದ.
ಬೆಳಗಿನ ಪಾಳಿಯಲ್ಲಿ ಇಬ್ಬರು ಹೆಂಗಸರು, ಒಬ್ಬ ಹುಡುಗ.
ಆಮೇಲೆ ಇಪ್ಪತ್ತೊಂದು ವರ್ಷ ಬದುಕಿದ ಅಪ್ಪ
ಒಂದು ದಿನವೂ ಬಿಸಿ ಗಂಜಿ ಉಣ್ಣಲಿಲ್ಲ.

ಆರಾಧನೆ ಮುಗಿದು ಬಾಗಿಲಲ್ಲಿ ಪಾದ್ರಿಯವರು ಕೈ ಹಿಡಿದರು:
"ಸುಗುಣಾ, ಅಪ್ಪ ತಿಂದ ಹುಳಿಗೆ
ಮಗಳ ಹಲ್ಲು ಚಳಿಯುವುದಿಲ್ಲ. ಪ್ರವಾದಿಯೇ ಹೇಳಿದ್ದಾನೆ."

ಹೇಳಿದ್ದಾನೆ ಅಯ್ಯಾ. ಅದೇ ಕಷ್ಟ.
ಅಪ್ಪನ ಬಿರುಕಿನ ಹಿಂದೆ ಎಷ್ಟು ವರ್ಷ ಅಡಗಿ ಕೂತೆ!
ನನ್ನ ಮುಖ ಬಾಡಿದರೆ ಜನ ಅಪ್ಪನನ್ನು ನೆನೆದರು,
ಒಳ್ಳೆಯ ಮರೆ.
ಆ ಮರೆಯನ್ನೂ ಪ್ರವಾದಿ ಎಳೆದು ಹಾಕಿದ.
ಈಗ ಉಳಿದದ್ದು ನಾನು, ನನ್ನ ಹಲ್ಲು,
ನಾನೇ ಕೊಯ್ದು ಉಪ್ಪು ಹಚ್ಚಿ ತಿಂದ ಬಿಂಬುಳಿ.

ಬೈಕಂಪಾಡಿಯಲ್ಲಿ ಹದಿನಾರು ವರ್ಷ ನೀರು ಪರೀಕ್ಷೆ ಮಾಡಿದವಳು.
ಬಾಟಲಿಗೆ ಚೀಟಿ, ಚೀಟಿಗೆ ನಂಬರು, ನಂಬರಿಗೆ ರಿಜಿಸ್ಟರಿನಲ್ಲಿ ಒಂದು ಸಾಲು.
ತೋಕೂರು ಕಡೆಯ ಬಾವಿ, ಹದಿನೇಳನೆಯದು:
ಗಾಜಿನ ನಳಿಕೆಯಲ್ಲಿ ಬಣ್ಣ ತಿರುಗಿತು.
ತೊಳೆದು ಮತ್ತೆ ಮಾಡಿದೆ. ಮತ್ತೆ ತಿರುಗಿತು.
ಮ್ಯಾನೇಜರು ಗದರಿಸಲಿಲ್ಲ, ಅದನ್ನು ಹೇಳಲೇಬೇಕು,
ಚಹಾ ತರಿಸಿದರು. "ಬೇಸಗೆಯಲ್ಲಿ ಹೀಗಾಗ್ತದೆ.
ಮಳೆ ಬಂದರೆ ಸರಿಯಾಗ್ತದೆ ಮಾರಾಯ್ತಿ."
ಪೆನ್ನಿನ ಮುಚ್ಚಳ ತೆಗೆದೆ.
ದಶಮಾಂಶದ ಚುಕ್ಕೆಯನ್ನು ಒಂದು ಮನೆ ಎಡಕ್ಕೆ ಇಟ್ಟೆ.
ಇರುವೆಯ ತಲೆಯಷ್ಟೂ ಇಲ್ಲದ ಚುಕ್ಕೆ.

ಅತ್ತಿದ್ದೇನೆ. ಚೆನ್ನಾಗಿಯೇ ಅತ್ತಿದ್ದೇನೆ.
ಬಟ್ಟೆ ಹರಿದುಕೊಳ್ಳುವುದು ಸುಲಭ, ಬೂದಿಯೂ ಅಗ್ಗ.
ಪಶ್ಚಾತ್ತಾಪವೆಂಬ ಉದ್ದದ ಮಾತಿನೊಳಗೆ
ತಾಪವಿದೆ, ಕಾಲಿಲ್ಲ.
ಸಂಜೆಯಾದರೆ ಅಮ್ಮ ಹೊಳೆಬದಿಗೆ ಮುಖಮಾಡಿ
ತುಳುವಿನಲ್ಲಿ ಕೂಗುತ್ತಿದ್ದಳು: "ಪಿರ ಬಲಾ!"
ಹಿಂದೆ ಬಾ.
ಆ ಎಲ್ಲ ಪ್ರವಾದಿಗಳು ಗಂಟಲು ಹರಿದು ಕೂಗಿದ್ದೂ
ಇಷ್ಟೇ ಇರಬೇಕು.

ಸ್ಟೇಟ್‌ಬ್ಯಾಂಕಿನಲ್ಲಿ ಜೋಕಟ್ಟೆಯ ಬಸ್ಸು ಹತ್ತಿದೆ.
ಕೂಳೂರಿನಲ್ಲಿ ಇಳಿದುಬಿಡಲು ಎದ್ದೂ ನಿಂತಿದ್ದೆ,
ಅಷ್ಟರಲ್ಲಿ ಕಂಡಕ್ಟರು "ರೈಟ್ ಪೋಯಿ" ಎಂದ.
ಸೇತುವೆಯ ಕೆಳಗೆ ಹೊಳೆ, ಬಣ್ಣ ಹೇಳುವುದಿಲ್ಲ.

ಹದಿನೇಳನೆಯ ಬಾವಿಗೆ ಒಂದು ಮನೆಯಿತ್ತು,
ಮನೆಗೆ ವಾರಿಜಾ ಎಂಬ ಒಡತಿ.
"ಯಾರು? ಈ ಬಿಸಿಲಿನಲ್ಲಿ? ಒಳಗೆ ಬನ್ನಿ, ಕೂತ್ಕೊಳ್ಳಿ."
ಚಾವಡಿಯಲ್ಲಿ ಒಬ್ಬಳು ಹುಡುಗಿ
ಮೊಣಕೈ ಕೆರೆಯುತ್ತ ಶಾಲೆಯ ಲೆಕ್ಕ ಮಾಡುತ್ತಿದ್ದಳು.
ಬೇರೆ ಕಾರಣ ಇರಬಹುದು.
ಬೇರೆ ಕಾರಣ ಇರಬಹುದು ಎಂದು
ಬಹಳ ಸಲ ಹೇಳಿಕೊಂಡಿದ್ದೇನೆ.

ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಹಿತ್ತಾಳೆಯ ಚೊಂಬಿನಲ್ಲಿ ನೀರು,
ಬಂದವರಿಗೆ ಈ ಊರು ಕೊಡುವ ಮೊದಲ ಮಾತು.
ಅದು ತಿಳಿಯಾಗಿಯೇ ಇತ್ತು. ತಂಪಾಗಿತ್ತು.
ಕುಡಿಯುವುದೋ, ಬಿಡುವುದೋ.
ಕೊಂಬು ಊದುವವನಿಗೆ ಉಸಿರು ಎಲ್ಲಿಂದ ಬರುತ್ತದೆಂದು
ಪಾಠದಲ್ಲಿ ಬರೆದಿಲ್ಲ.

ಬೆಲ್ಲವನ್ನು ತಟ್ಟೆಗೆ ಮರಳಿಸಿದೆ.
"ಅಕ್ಕಾ, ಆ ಹುಡುಗಿಯನ್ನೂ ಕರೆಯಿರಿ.
ನಿಮ್ಮ ಬಾವಿಯ ಬಗ್ಗೆ ಒಂದು ಮಾತು ಹೇಳಲಿಕ್ಕುಂಟು.
ಏಳು ವರ್ಷ ತಡವಾಯಿತು."