ಚಕ್ಕುಬಂದಿ

ಸೇಡಂ ತಹಸೀಲ ಕಚೇರಿ ಎದುರು, ಬೇವಿನ ಬುಡಕ್ಕೆ
ನನ್ನ ಟೇಬಲ್ಲು, ಟೈಪ್ ಮಷಿನ್ನು, ತಗಡಿನ ಪೆಟ್ಟಿಗೆ.
ಇಪ್ಪತ್ತಾರು ವರ್ಷದಿಂದ ಇಲ್ಲೇ ಕೂತು
ಬೇರೆಯವರ ಮನೆಗಳನ್ನು ಬೇರೆಯವರಿಗೆ
ಹನ್ನೊಂದು ಹನ್ನೊಂದು ತಿಂಗಳಿಗೆ ಬರೆದುಕೊಟ್ಟಿದ್ದೇನೆ.

ನಮೂನೆ ನನ್ನದಲ್ಲ.
ಉಸ್ತಾದರು ಉರ್ದುವಿನಿಂದ ಇಳಿಸಿದ್ದು,
ಅವರಿಗೆ ಯಾರು ಕೊಟ್ಟರೋ.
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.
ಸದರಿ ಮನೆಗೆ ಏನೇ ಧಕ್ಕೆಯಾದರೂ ಕಿರಾಯಿದಾರರೇ ಹೊಣೆ.
ಏನೇ ಅಂದರೆ ಏನು ಅಂತ
ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.
ನನ್ನ ಬೆರಳಿಗೆ ಅದು ಬಾಯಿಪಾಠವಾಗಿತ್ತು.

ಲಾಲಬಿ ಬಂದಳು, ಮಳಖೇಡದಿಂದ, ಟಂಟಂ ಹತ್ತಿ.
ಪ್ಲಾಸ್ಟಿಕ್ ಚೀಲದೊಳಗೆ ಕರಾರು:
ನೀರು ಕುಡಿದು, ಒಣಗಿ,
ಹಪ್ಪಳದಂತೆ ಉಬ್ಬಿದ ಬಾಂಡ್ ಪೇಪರು.
ಶಾಯಿ ಹರಡಿ ನನ್ನ ಸಹಿ ಜೇಡವಾಗಿತ್ತು.

"ಕಾಗಿಣಾ ಬಂದಿದ್ದು ರಾತ್ರಿ ಎರಡಕ್ಕ.
ಹೊಲಿಗಿ ಮಷಿನ್ ಎತ್ತಿ ಕಾಟಿನ ಮ್ಯಾಲಿಟ್ಟೆ.
ಕಾಟೇ ತೇಲ್ತು.
ಮೂರು ದಿನ ಸಾಲಿಯೊಳಗ ಗಂಜಿ ಉಂಡ್ವಿ.
ತಲಾಟಿ ಬಂದ, ಪಂಚನಾಮಾಕ್ಕ.
ಮನಿ ಯಾರದು ಅಂದ. ಸೂಗಪ್ಪ ಸಾಹುಕಾರಂದು ಅಂದೆ.
ಬರ್ಕೊಂಡು ಹ್ವಾದ.
ಗೋಡಿ ಅವರದು, ರೊಕ್ಕ ಅವರಿಗಿ.
ಗೋಡಿ ತೆಳಗ ಸಿಕ್ಕ ಮಷಿನ್ ನಂದು,
ಅದಕ್ಕ ಕಾಲಮ್ಮೇ ಇಲ್ಲಂತ."

ಸಾಲದ್ದಕ್ಕೆ ಆ ತಿಂಗಳ ಕಿರಾಯಿ ಬೇಕಂತೆ ಸೂಗಪ್ಪನಿಗೆ.
ಹದಿನೈದು ಸಾವಿರ ಅಡ್ವಾನ್ಸಿನೊಳಗೆ
ಬಾಗಿಲಿಗೆ ಇಷ್ಟು, ಚೌಕಟ್ಟಿಗೆ ಇಷ್ಟು,
ಮೊಳೆ ಹೊಡೆದದ್ದಕ್ಕೆ ಇನ್ನೂರು.

ಸೆರಗಿನ ಗಂಟು ಬಿಚ್ಚಿ
ಆ ಮೊಳೆಯನ್ನೇ ನನ್ನ ಟೇಬಲ್ಲಿಗಿಟ್ಟಳು.
"ಕತ್ತರಿ ತೂಗಹಾಕ್ಲಿಕ್ಕ ಹೊಡದಿದ್ದೆ.
ಕೆಸರೊಳಗ ಸಿಕ್ತು. ಗೋಡಿ ಇಲ್ಲ, ಇದು ಅದ.
ವಾಪಸ್ ಕೊಟ್ರ ಇನ್ನೂರು ಬಿಡ್ತಾರೇನು, ಕೇಳ್ರಿ."
ಚಹಾದವನು ನಕ್ಕ. ನಾನೂ ನಕ್ಕೆ.
ಅವಳು ನಗಲಿಲ್ಲ.

ಕೋರ್ಟಿನ ಉಚಿತ ನೆರವಿನ ಖೋಲಿಗೆ ಕರೆದೊಯ್ದೆ.
ಹೊಸ ವಕೀಲೆ, ಶಹಾಪುರ ಕಡೆಯ ಹುಡುಗಿ,
ನನ್ನ ಅಜ್ಜನಿಗಿಂತ ಹಳೆಯ ಕಾಯ್ದೆಯೊಂದನ್ನು ತೆಗೆದಳು.
ಬೆಂಕಿ, ಬಿರುಗಾಳಿ, ಪ್ರವಾಹ. ಮೂರೂ ಇದ್ದವು ಅದರಲ್ಲಿ.
ಮನೆ ಕಾಯಂ ವಾಸಕ್ಕೆ ಬಾರದಂತಾದರೆ
ಕರಾರು ರದ್ದು ಅನ್ನುವ ಮಾತು ಕಿರಾಯಿದಾರಳದು,
ಮಾಲಕನದಲ್ಲ.
"ಆದ್ರ ಕಾಯಂ ಅಂತ ಹ್ಯಾಂಗ ತೋರಸ್ತೀರಿ?"
ಲಾಲಬಿ ಮೊಳೆ ತೋರಿಸಿದಳು.

ವಕೀಲೆ ಕಾಗದವನ್ನು ಕಿಟಕಿಗೆ ಹಿಡಿದು ಓದುತ್ತ
ಒಂದು ಕಡೆ ತಡೆದಳು.
ಚಕ್ಕುಬಂದಿ: ಪೂರ್ವಕ್ಕೆ ಓಣಿ,
ಪಶ್ಚಿಮಕ್ಕೆ ಮಾಪಣ್ಣನ ದನದ ಕೊಟ್ಟಿಗೆ,
ಉತ್ತರಕ್ಕೆ ಕೋಟೆಯ ಬಿದ್ದ ಕಲ್ಲು,
ದಕ್ಷಿಣಕ್ಕೆ ಕಾಗಿಣಾ ನದಿ.
"ಇದು ಬರದವರು ಯಾರು?"

ನಾನು.
ಮೊದಲಿನಿಂದಲೂ ಹೊಳೆ ಕಾಗದದಲ್ಲೇ ಇತ್ತು.
ನಾನೇ ಕೂಡಿಸಿದ್ದೆ ದಕ್ಷಿಣಕ್ಕೆ,
ಜಗಳವಾಡದ ಪಕ್ಕದ ಮನೆಯವನ ಹಾಗೆ.
ನೆರೆ ಅಂತ ಒಂದೇ ಶಬ್ದ ನಮಗೆ
ಪಕ್ಕದವರಿಗೂ, ಹೊಳೆ ಬಂದದ್ದಕ್ಕೂ.
ಅಷ್ಟೂ ತಿಳಿಯದೆ ಹೊಟ್ಟೆ ಹೊರೆದೆ ಅಕ್ಷರದಿಂದ.

ಅರ್ಜಿ ಹಾಕಿದ್ದೇವೆ. ತಾರೀಖು ಮುಂದೆ ಬಿದ್ದಿದೆ.
ಹಣ ತಗೊಳ್ಳಲಿಲ್ಲ ಅಂದರೆ ಸುಳ್ಳು,
ಝೆರಾಕ್ಸಿನದು ತಗೊಂಡೆ.
ಮೊಳೆ ಅವಳು ಇಲ್ಲೇ ಮರೆತಳು, ಅಥವಾ ಬಿಟ್ಟಳು.

ಇವತ್ತು ಇಬ್ಬರು ಬಂದರು, ಹೊಸ ಕರಾರಿಗೆ.
ಬೆರಳು ತಾನೇ ಓಡಿ, ಏನೇ ಧಕ್ಕೆಯಾದರೂ
ಅನ್ನುವಲ್ಲಿ ನಿಂತಿತು.
ಹಾಳೆ ಎಳೆದು, ಕೆಳಗೆ ಪೆನ್ನಿನಲ್ಲಿ ಬರೆದೆ:
ಹೊಳಿ ಬಂದರ ಕಿರಾಯಿ ಇಲ್ಲ. ಅಡ್ವಾನ್ಸ್ ಪೂರಾ ವಾಪಸ್.

ಮಾಲಕ ಕನ್ನಡಕ ಏರಿಸಿದ.
"ಇದೇನ್ರೀ ಹೊಸಾದು? ನಮ್ಮ ಮನಿ ದಿನ್ನಿ ಮ್ಯಾಲ ಅದ."
ಹಂಗಿದ್ರ ಸಹಿ ಮಾಡ್ಲಿಕ್ಕ ಏನು ತ್ರಾಸು ಅಂದೆ.

ಗಾಳಿ ಎದ್ದಿತ್ತು.
ಕಾಗದದ ಮೇಲೆ ಮೊಳೆ ಇಟ್ಟೆ. ಹಗುರಾಯಿತು.
ಅಂಗೈ ಒತ್ತಿ ಹಿಡಿದು ಕೂತಿದ್ದೇನೆ,
ಅವನಿನ್ನೂ ಯೋಚಿಸುತ್ತಿದ್ದಾನೆ.