ಕಟ್ಟಿಟ್ಟ ಫಾರಂ

ಎಡಪಕ್ಕದಾಗ ಎದ್ದ ಗುಳ್ಳಿ, ಅರ್ಧ ಸಾಲು,
ಬೆನ್ನಿನಿಂದ ಹೊಕ್ಕಳದ ಕಡೆ ಹರಿದು ನಿಂತೈತಿ.
ಸರ್ಪಸುತ್ತು, ಅಂದ್ಲು ನಮ್ಮಕ್ಕ. ತಲಿ ಬಾಲ ಕೂಡಬಾರ್ದು.
ಕೆಮ್ಮಣ್ಣಿಲೆ ನಡುವ ಒಂದು ಗೆರಿ ಎಳದ್ಲು.

ಬೆಟಗೇರಿ ದವಾಖಾನಿ ಡಾಕ್ಟರ್ ನಫೀಸಾ
ಗೆರಿ ನೋಡಿ ನಗಲಿಲ್ಲ. ಚೀಟಿ ಹಿಂದ ಒಂದು ಸುತ್ತು ತಗದ್ರು,
ಸುತ್ತಿನೊಳಗ ಇನ್ನೊಂದು ಸುತ್ತು.
'ಏಳನೇ ವರ್ಷಕ್ಕ ಅಮ್ಮ ಆಗಿತ್ತಲ್ಲ ನಿಮಗ, ಅದೇ ಇದು.
ಹೋಗಿರಲಿಲ್ಲ. ಬೆನ್ನೆಲುಬಿನ ಮಗ್ಗಲ, ನರದ ಗಂಟಿನಾಗ,
ಕೋಶದ ನಡುಮನಿ ಹೊಕ್ಕು ಕುಂತಿತ್ತು.'

ಅರವತ್ತು ವರ್ಷ ಏನು ಮಾಡ್ತಿತ್ರಿ ಅಲ್ಲೆ?

'ಏನೂ ಇಲ್ಲ. ಕೈಯಿಲ್ಲ, ಬಾಯಿಲ್ಲ, ಬರೇ ಒಂದು ಬರಹ.
ಅಚ್ಚು ಹಾಕಾಕ ನಿಮ್ಮ ಯಂತ್ರನ ಬೇಕು, ನಿಮ್ಮ ಮಸಿನ ಬೇಕು.
ಆ ನಡುಮನ್ಯಾಗ ಸಣ್ಣ ಸಣ್ಣ ಉಂಡಿ ಅದಾವು,
ಬಂದದ್ದನ್ನ ಸುತ್ತಿಕೊಂಡು ಕೂಡ್ತಾವು, ಪಂಜರ ಇದ್ದಂಗ.'

ಪಂಜರ ಅಲ್ರಿ, ಅಂದೆ. ಸುತಳಿ.

ಮೂವತ್ತೆಂಟು ವರ್ಷ ಗದಗಿನಾಗ ಮೊಳಿ ಜೋಡಿಸಿದವ ನಾನು.
ಕೆಲಸ ಮುಗಿದ ಫಾರಂ ಬಿಚ್ಚಬೇಕು,
ಮೊಳಿ ಮೊಳಿ ತಮ್ಮ ತಮ್ಮ ಮನಿಗೆ ಹೋಗಬೇಕು.
ಒಂದನ್ನ ಬಿಚ್ಚಲಿಲ್ಲ:
ಅಂದಾನೆಪ್ಪ ಸಾವಕಾರ್ರ ಮಗಳ ಲಗ್ನಪತ್ರಿಕಿ.
ಲಗ್ನ ಮುರೀತು. ಬಿಚ್ಚು ಅಂತ ಅವರೂ ಅನ್ನಲಿಲ್ಲ,
ನನಗೂ ಕೈ ಬರಲಿಲ್ಲ.
ನಾಕು ಸುತ್ತು ಸುತಳಿ ಬಿಗಿದು ಕೇಸಿನ ಬುಡಕ ಸರಿಸಿದೆ.

ಸುತಳಿಗೂ ವಯಸ್ಸಾಕ್ಕೈತಿ.
ಪ್ರೆಸ್ ಮುಚ್ಚೋ ವರ್ಷ, ರೋಲರ್ ನೋಡಾಕಂತ
ಹೊಸಾ ಹುಡುಗ ಕೈಗೆ ಸಿಕ್ಕ ಫಾರಂಗೆ ಮಸಿ ಹೊಡದ.
ಒಂದಲ್ಲ, ನಲವತ್ತು ಕಾರ್ಡು!
ಹಸಿ ಹಸಿ, ಕಾಗುಣಿತದ ತಪ್ಪಿಲ್ಲ, ಮುಹೂರ್ತ ಸಹಿತ.
ಮೊಳಿಗೆ ತಾರೀಖು ಗೊತ್ತಿರೂದಿಲ್ಲ.
ಮಗ್ಗಲ ಖೋಲ್ಯಾಗ ಲೆಕ್ಕ ಬರಕೊಂತ ಕುಂತಿದ್ದ ಕಸ್ತೂರೆವ್ವ
ಎದ್ದು ಬಂದು ಒಂದು ಕಾರ್ಡು ಬೆಳಕಿಗೆ ಹಿಡದು ಓದಿದ್ರು.
'ಮಸಿ ಜಾಸ್ತಿ ಆಗೈತಿ' ಅಂದ್ರು.

ಈಗ ಅಂಗಿ ತಾಗಿದ್ರ ಬೆಂಕಿ.
ದಿನಕ್ಕ ಐದು ಗುಳಿಗಿ, ಏಳು ದಿನ.
'ಅಚ್ಚು ನಿಲ್ಲಸ್ತಾವು. ಬರಹ ಅಳಸೂದಿಲ್ಲ.'
ಮತ್ತ ಕಟ್ಟಿ ಇಡತಾವೇನ್ರಿ ಆ ಉಂಡಿ?
'ಇಡತಾವು. ಬಿಗಿ ಎಷ್ಟಂತ ಹೇಳಾಕ ಬರೂದಿಲ್ಲ.'

ಕೆಮ್ಮಣ್ಣಿನ ಗೆರಿ ತೊಳೀಲಿಲ್ಲ, ಇರ್ಲಿ.
ರಾತ್ರಿ ನಿದ್ದಿ ಹತ್ತದ, ಬಲಮಗ್ಗಲ ಹೊರಳಿ
ಆ ಪತ್ರಿಕಿ ಮನಸಿನಾಗ ಜೋಡಿಸಿ ನೋಡಿದೆ,
ಮೊಳಿ ಇರೂ ಹಂಗ, ತಲಿಕೆಳಗ, ಕನ್ನಡ್ಯಾಗಿನಂಗ.
ಪೂರ್ತಿ ಬಂತು.
ಒಂದು ಅರ್ಕಾವತ್ತೂ ಬಿಟ್ಟಿರಲಿಲ್ಲ.