ಡೈನೋಸಾರಿನ ಪ್ಲಗ್ಗು

ರಾಯ್ಕರ ಸಾಹೇಬರೆ, ಇದು ಮೂರನೆಯ ಅರ್ಜಿ.
ಮೊದಲಿನ ಎರಡು ನಿಮ್ಮ ಟೇಬಲ್ಲಿನ ಗಾಜಿನಡಿ
ಊದಿನಕಡ್ಡಿ ಕ್ಯಾಲೆಂಡರಿನ ಪಕ್ಕ ಮಲಗಿದ್ದನ್ನು
ಕಿಟಕಿಯಿಂದ ನೋಡಿದ್ದೇನೆ.
ಹಾಗಾಗಿ ಈ ಸಲ
ಮಾನ್ಯರೇ ಇಲ್ಲ, ಮೇಲ್ಕಾಣಿಸಿದ ವಿಷಯ ಇಲ್ಲ,
ಮಾತಾಡಿದ ಹಾಗೇ ಬರೆಯುತ್ತೇನೆ.

ನಾನು ಪ್ರೇಮಲಾ ತಾಂಡೇಲ, ಮಾಜಾಳಿಯವಳು.
ಬಿಳಿ ಕಾರು, ಹಸಿರು ಪ್ಲೇಟಿನ ಮೇಲೆ ಹಳದಿ ನಂಬರು.
ಅಣ್ಣ ದೋಣಿಯ ಪಾಲು ಕೊಟ್ಟ, ನಾನು ಬಳೆ,
ಉಳಿದದ್ದು ಸೊಸೈಟಿಯದು.
ಅಮದಳ್ಳಿಯ ನಿಮ್ಮ 'ಅಲೆಮನೆ'ಯ ಗೇಟಿಗೆ
ವಾರಕ್ಕೆ ಎರಡು ಸಲವಾದರೂ ಬರುತ್ತೇನೆ
ಹುಬ್ಬಳ್ಳಿಯ ಮಕ್ಕಳನ್ನು ತುಂಬಿಕೊಂಡು.
ಅವರು ನಿಮ್ಮಲ್ಲಿ ಟಿಕೇಟು ಹರಿಸಿ ಅಲೆ ಆಡುತ್ತಾರೆ.
ಗೋಡೆಯಾಚೆ ಸಮುದ್ರ
ಪುಕ್ಕಟೆ ಅಲೆ ಹೊಡೆಯುತ್ತ ಕೂತಿರುತ್ತದೆ.
ಅದು ನಿಮ್ಮಿಬ್ಬರ ವ್ಯವಹಾರ, ನಾನು ನಡುವೆ ಬರುವುದಿಲ್ಲ.

ನನ್ನ ಮಾತು ಪಾರ್ಕಿಂಗಿನದು.
ಮೂವತ್ತು ರೂಪಾಯಿ ಚೀಟಿ, ಆರು ತಾಸು ಬಿಸಿಲು.
ಆರು ತಾಸು!
ಅಷ್ಟರಲ್ಲಿ ಒಂದು ಬ್ಯಾಟರಿ ಹೊಟ್ಟೆ ತುಂಬ ಉಂಡು
ಎಲೆ ಮಡಚಿ ಏಳಬಹುದಿತ್ತು.
ನೀವು ಅದನ್ನು ಬರಿಯ ಎಲೆಯ ಮುಂದೆ
ಕೂರಿಸಿ ಕಳಿಸುತ್ತೀರಿ.

ಅರಬೈಲ ಘಟ್ಟ ಗೊತ್ತಲ್ಲ?
ಇಳಿಯುವಾಗ ಕಾಲು ಎತ್ತಿದರೆ ಸಾಕು,
ಚಕ್ರ ತಿರುಗಿದ್ದೇ ಕರೆಂಟಾಗಿ ಒಳಗೆ ಹೋಗುತ್ತದೆ.
ಮೇಲೆ ನಲವತ್ತೊಂದು ಇದ್ದದ್ದು
ಕೆಳಗೆ ಬರುವಾಗ ನಲವತ್ಮೂರು.
ಕಲ್ಲುಮಣ್ಣಿನ ಘಟ್ಟ, ಮೀಟರಿಲ್ಲ, ಮಾಲೀಕನಿಲ್ಲ,
ಹೋಗುವವಳ ಕೈಗೆ ಎರಡು ಪರ್ಸೆಂಟು ಇಟ್ಟು ಕಳಿಸುತ್ತದೆ.
ನೀವೇನು ಘಟ್ಟಕ್ಕಿಂತ ಗಟ್ಟಿಯೆ?

ಲೋಡು ಸಾಲದು ಅಂದಿರಿ.
ಕೈಗಾದ ತಂತಿ ನಮ್ಮ ತಲೆಯ ಮೇಲೇ ಗುಂಯ್‌ಗುಡುತ್ತ ಹೋಗುತ್ತದೆ.
ಕದ್ರಾದ ನೀರಿನಡಿ ನನ್ನ ಆಯಿಯ ತವರಿದೆ,
ಬಾವಿಕಟ್ಟೆ, ಎರಡು ಮುರುಗಲ ಮರ ಸಮೇತ.
ಆಕೆ ಈಗಲೂ ಸ್ವಿಚ್ಚು ಒತ್ತುವ ಮೊದಲು
ಒಂದು ಗಳಿಗೆ ತಡೆಯುತ್ತಾಳೆ,
ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ.
ಇದನ್ನು ಮೊದಲಿನ ಅರ್ಜಿಗಳಲ್ಲಿ ಬರೆದಿರಲಿಲ್ಲ.
ಈಗಲೂ ಬರೆಯಬಾರದಿತ್ತೇನೋ. ಬಿಡಿ.

ಲೆಕ್ಕ ಹೇಳುತ್ತೇನೆ, ನಿಮಗೆ ಲೆಕ್ಕ ಬೇಕು.
ಹೋದ ಭಾನುವಾರ ಬೆಳಗಾವಿಯ ಕಾರೊಂದು,
ಅಜ್ಜಿ ಸೇರಿ ಆರು ಜನ,
ಊಟದ ಹೊತ್ತಿಗೇ ಹೊರಟುಬಿಟ್ಟರು.
ಅಂಕೋಲೆಗೆ ಹೋಗಿ ಚಾರ್ಜಿಗೆ ಪಾಳಿ ಹಚ್ಚಬೇಕಿತ್ತು.
ಕಿರಿಯವ ಇನ್ನೂ ದೊಡ್ಡ ಜಾರುಬಂಡಿ ಹತ್ತಿರಲಿಲ್ಲ,
ಒದ್ದೆ ಚಡ್ಡಿಯಲ್ಲೇ ಅತ್ತ.
ಆರು ತಾಟು ಊಟ, ಐಸ್‌ಕ್ರೀಮು, ಆ ಅಳು,
ಯಾವ ಖಾತೆಗೆ ಬರೆದಿರಿ?
ನಾನೇನು ದಾನ ಕೇಳುತ್ತಿಲ್ಲ. ಯೂನಿಟ್ಟಿಗಿಷ್ಟು ಅನ್ನಿ,
ಮೇಲೆ ಎರಡು ರೂಪಾಯಿ ಹಾಕಿಕೊಳ್ಳಿ, ಕೊಡುತ್ತೇವೆ.

ಇನ್ನೊಂದು. ಹೇಳಬಾರದು, ಆದರೂ.
ಮೊನ್ನೆ ನನ್ನದು ಹದಿನೆಂಟಕ್ಕೆ ಇಳಿದಿತ್ತು.
ನಿಮ್ಮ ಕರೆಂಟಿನ ಹುಡುಗ, ಹೆಸರು ಹೇಳುವುದಿಲ್ಲ,
ಗೇಟಿನ ಡೈನೋಸಾರಿನ ಪ್ಲಗ್ಗು ಕಿತ್ತು
ನನ್ನ ವೈರು ಸಿಕ್ಕಿಸಿದ.
ಐದು ತಾಸು ಅದು ಗರ್ಜಿಸಲಿಲ್ಲ.
ಬಾಯಿ ತೆರೆದದ್ದು ತೆರೆದೇ, ಬಾಲ ಅರ್ಧಕ್ಕೆ.
ಯಾರಾದರೂ ದುಡ್ಡು ವಾಪಸು ಕೇಳಿದರೆ?
ಕೇಳಲಿಲ್ಲ.
ದಿನಾ ದೂರದಿಂದಲೇ ಕಿರುಚಿ ಓಡುವ ಮಕ್ಕಳು
ಅವತ್ತು ಹತ್ತಿರ ಹೋದರು.
ಒಬ್ಬಳು ಅದರ ಹಲ್ಲೆಣಿಸಿದಳು, ಮೂವತ್ನಾಲ್ಕು.
ಇನ್ನೊಬ್ಬ ವೈರಿನ ಗುಂಟ ನಡೆಯುತ್ತ ನಡೆಯುತ್ತ
ನನ್ನ ಕಾರಿನ ತನಕ ಬಂದು ಕೇಳಿದ:
ಅದರ ಕೂಗು ಈಗ ಇದರೊಳಗೆ ಹೋಯ್ತಾ?

ಹೌದು ಅಂದೆ.
ಸಂಜೆ ಘಟ್ಟ ಹತ್ತುವಾಗ ಕಾರಿನದು ಸದ್ದೇ ಇಲ್ಲ,
ಹಿಂದಿನ ಸೀಟಿನಲ್ಲಿ ಉಪ್ಪು ಒಣಗಿದ ಕೂದಲು,
ಒಂದರ ಹೆಗಲ ಮೇಲೊಂದು ನಿದ್ದೆ.
ಕನ್ನಡಿಯಲ್ಲಿ ನೋಡುತ್ತ
ಅದರ ಕೂಗು ಎಲ್ಲಿ ಹೋಯಿತೆಂದು ನಾನೂ ಹುಡುಕಿದೆ.

ಹೆಚ್ಚಿಗೆ ಬೇಡ. ಎರಡು ಪಾಯಿಂಟು,
ಮಳೆಗೆ ಮೇಲೊಂದು ತಗಡು.
ನೋಡೋಣ ಅನ್ನಬೇಡಿ, ಮೇಲಿನವರು ಅನ್ನಬೇಡಿ.
ನಮ್ಮ ಕಡೆ ಒಂದು ಮಾತಿದೆಯಲ್ಲ,
ನೀವೂ ಮನೆಯಲ್ಲಿ ದಿನಕ್ಕೆ ಹತ್ತು ಸಲ ಅನ್ನುವುದು:
ಅಡ್ಡಿಲ್ಲ.
ಅಷ್ಟು ಬರೆದು ಕೆಳಗೆ ಸಹಿ ಮಾಡಿ.

ಇದನ್ನು ಗಾಜಿನಡಿ ಇಡಬೇಡಿ.
ಆ ಹುಡುಗನಿಗೆ ಏನೂ ಅನ್ನಬೇಡಿ.